ಬೀಗರ ಕಡೆಯ ವಂಶವೃಕ್ಷ 1870ಕ್ಕೇ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಸೌತ್ ಕೆರೊಲಿನಾದಲ್ಲಿದ್ದಾಳೆ. ಅಳಿಯ ಅಲ್ಲಿಯವರೇ, ಕಪ್ಪು ಜನರ ಮನೆತನ. ಮೊಮ್ಮಗಳು ಶಾಲೆಗೆ ವಂಶವೃಕ್ಷ ಬರೆಯುತ್ತಿದ್ದಾಳೆ. ನಮ್ಮ ಕಡೆಯ ಆರು ತಲೆಮಾರು ಸುಲಭವಾಗಿ ಸಿಕ್ಕಿತು. ಅಪ್ಪನ ಕಡೆಯದು 1870ರ ಜನಗಣತಿಯಲ್ಲಿ ಒಬ್ಬ ರೈತನ ಹೆಸರಿಗೆ ಬಂದು ನಿಂತುಬಿಟ್ಟಿದೆ. ಅದಕ್ಕೂ ಮೊದಲು ಯಾವುದೋ ತೋಟದಲ್ಲಿ ಗುಲಾಮರಾಗಿದ್ದರಂತೆ. ತೋಟದ ಲೆಕ್ಕಪತ್ರದಲ್ಲಿ ಹೆಸರು ಸಿಗುತ್ತದಾ? ಸಿಕ್ಕರೆ ಹನ್ನೆರಡು ವರ್ಷದ ಹುಡುಗಿಗೆ ತೋರಿಸಬಹುದಾ? ನಾನು ಈ ಸಲ ಕೆಲವು ತಿಂಗಳು ಅಲ್ಲೇ ಇರುತ್ತೇನೆ.
— ಓದುಗರೊಬ್ಬರು, ಮೈಸೂರು

ಉತ್ತರ: ಸಿಗುತ್ತದೆ ಅಮ್ಮಾ. ಆದರೆ ಬೀಗರ ಮನೆತನ ಹುಡುಕುತ್ತಾ ಹೋದರೆ ಸಿಗುವುದಿಲ್ಲ. ಅವರನ್ನು ಇಟ್ಟುಕೊಂಡಿದ್ದ ಮಾಲೀಕನ ಮನೆತನ ಹುಡುಕಬೇಕು. ಕೇಳಲು ಕಹಿ, ಆದರೆ ದಾರಿ ಇರುವುದು ಅಲ್ಲೇ.

ಗುಲಾಮಗಿರಿ ಹೋದದ್ದು 1865ರಲ್ಲಿ. ಬಿಡುಗಡೆಯಾದವರನ್ನೆಲ್ಲ ಹೆಸರು ಹಿಡಿದು ಬರೆದುಕೊಂಡ ಮೊದಲ ಜನಗಣತಿ 1870ರದು. 1850 ಮತ್ತು 1860ರಲ್ಲಿ ಗುಲಾಮರಿಗೇ ಬೇರೆ ಪಟ್ಟಿ ಇತ್ತು. ಅದರಲ್ಲಿ ಮಾಲೀಕನ ಹೆಸರು, ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಅಷ್ಟೇ. ‘35, ಗಂಡು, ಕಪ್ಪು’ ಅನ್ನುವ ಸಾಲು ಕಂಡ ತಕ್ಷಣ ಇವನೇ ನಮ್ಮಜ್ಜ ಎಂದು ಬರೆದುಕೊಳ್ಳಬೇಡಿ. ಸುಮಾರು ಜನ ಜಾರುವುದು ಇಲ್ಲೇ.

ಹಾಗಾದರೆ ಮಾಲೀಕ ಯಾರು? ಅಡ್ಡಹೆಸರು ನೋಡಿ ತೀರ್ಮಾನಿಸಬೇಡಿ. ಕೆಲವರು ಕೊನೆಯ ಮಾಲೀಕನ ಹೆಸರಿಟ್ಟುಕೊಂಡರು, ಕೆಲವರು ಅವನಿಗೂ ಹಿಂದಿನವನದು, ಇನ್ನು ಕೆಲವರು ಯಾರದೂ ಬೇಡ ಎಂದು ತಮಗೆ ಬೇಕಾದದ್ದು. ಅದಕ್ಕಿಂತ ಫ್ರೀಡ್‌ಮನ್ಸ್ ಬ್ಯಾಂಕ್ ಪುಸ್ತಕ ನೋಡಿ. ಬಿಡುಗಡೆಯಾದವರಿಗಾಗಿ 1865ರಲ್ಲಿ ತೆರೆದ ಬ್ಯಾಂಕು, ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಊರಲ್ಲೂ ಶಾಖೆ ಇತ್ತು. ಖಾತೆ ತೆರೆಯುವಾಗ ಹುಟ್ಟಿದ ಊರು, ಅಪ್ಪ-ಅಮ್ಮ, ಅಣ್ಣ-ತಂಗಿಯರ ಹೆಸರು ಕೇಳುತ್ತಿದ್ದರು. ಕೆಲವು ಕಡೆ ಹಳೇ ಮಾಲೀಕನ ಮತ್ತು ತೋಟದ ಹೆಸರೂ ಇದೆ. 1874ರಲ್ಲಿ ಬ್ಯಾಂಕು ಮುಳುಗಿತು, ಬಡವರ ದುಡ್ಡೂ ಹೋಯಿತು. ಪುಸ್ತಕಗಳು ಮಾತ್ರ ಉಳಿದಿವೆ. ಫ್ಯಾಮಿಲಿ ಸರ್ಚ್ ಎಂಬ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ತೋಟದವರು ಕೂಲಿಯವರೊಂದಿಗೆ ಮಾಡಿಕೊಂಡ ಕರಾರುಗಳೂ ಉಳಿದಿವೆ. ಎಷ್ಟೋ ಜನ ಆಗ ಹಳೇ ತೋಟದಲ್ಲೇ ಕೂಲಿಗೆ ನಿಂತಿದ್ದರು.

ಮಾಲೀಕ ಸಿಕ್ಕ ಮೇಲೆ ಅವನ ಮನೆಯಲ್ಲಿ ಯಾವಾಗ ಸಾವಾಯಿತು, ಯಾವಾಗ ಮದುವೆಯಾಯಿತು, ಯಾವಾಗ ಸಾಲವಾಯಿತು ಎಂದು ಹುಡುಕಿ. ಹೆಚ್ಚಾಗಿ ಈ ಮೂರು ಹೊತ್ತಿನಲ್ಲೇ ಗುಲಾಮರ ಹೆಸರು ಕಾಗದಕ್ಕೆ ಬರುತ್ತಿತ್ತು. ಮಾಲೀಕ ಸತ್ತರೆ ಕೋರ್ಟು ನೇಮಿಸಿದವರು ಬಂದು ಆಸ್ತಿಯ ಪಟ್ಟಿ ಮಾಡುತ್ತಿದ್ದರು. ಕುದುರೆ, ದನ, ಕುರ್ಚಿ, ಜೊತೆಗೆ ಮನುಷ್ಯರು, ಪ್ರತಿಯೊಂದರ ಮುಂದೆ ಬೆಲೆ. ದುಡಿಯಲಾಗದ ಮುದುಕಿಯ ಮುಂದೆ ಸೊನ್ನೆ ಹಾಕಿದ್ದೂ ಉಂಟು. ಸಾಲವಿದ್ದರೆ ಗುಲಾಮರನ್ನೇ ಅಡವಿಟ್ಟ ಪತ್ರವಿರುತ್ತದೆ. ಮದುವೆಯ ಕರಾರುಗಳನ್ನಂತೂ ಬಿಡಲೇಬೇಡಿ. ಮಗಳಿಗೆ ಗುಲಾಮರನ್ನು ಕೊಟ್ಟು ಕಳಿಸುತ್ತಿದ್ದರು. ನಿಮ್ಮ ಬೀಗರ ಅಜ್ಜಿ ಒಂದು ತೋಟದ ಪಟ್ಟಿಯಲ್ಲಿ ದಿಢೀರನೆ ಕಾಣಿಸಿಕೊಂಡರೆ, ಅಲ್ಲಿನ ಯಜಮಾನಿತಿಯ ತವರಿಗೆ ಹೋಗಿ ನೋಡಿ. ಈ ಕರಾರುಗಳೂ ಗುಲಾಮರನ್ನು ಮಾರಿದ ಪತ್ರಗಳೂ ಸೌತ್ ಕೆರೊಲಿನಾದ ರಾಜಧಾನಿ ಕೊಲಂಬಿಯಾದ ರಾಜ್ಯ ಪತ್ರಾಗಾರದಲ್ಲಿವೆ.

ನನ್ನ ಕೇಳಿದರೆ ಇವೆಲ್ಲಕ್ಕಿಂತ ತೋಟದ ದಿನದ ಲೆಕ್ಕದ ಪುಸ್ತಕ ಒಳ್ಳೆಯದು. ಕಂಬಳಿ ಕೊಟ್ಟದ್ದು, ಬಟ್ಟೆ ಕೊಟ್ಟದ್ದು, ಮಗು ಹುಟ್ಟಿದ್ದು ಎಲ್ಲ ಅದರಲ್ಲಿರುತ್ತದೆ. ಕಂಬಳಿಯನ್ನು ಮನೆ ಲೆಕ್ಕದಲ್ಲಿ ಹಂಚಿದ್ದರೆ, ತಾಯಿ, ಅವಳ ಕೆಳಗೆ ಮಕ್ಕಳು ಒಟ್ಟಿಗೇ ಸಿಗುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಅವರಲ್ಲೂ ಇತ್ತು. ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಬಂದರೆ ಗುರುತು ಹಾಕಿಕೊಳ್ಳಿ.

ಇದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಪ್ರಿಸಿಲ್ಲಾಳನ್ನೇ ನೋಡಿ. 1756ರಲ್ಲಿ ಸಿಯೆರಾ ಲಿಯೋನ್‌ನಿಂದ ‘ಹೇರ್’ ಎಂಬ ಹಡಗಿನಲ್ಲಿ ತಂದ ಮಗು. ಚಾರ್ಲ್ಸ್‌ಟನ್ ಹತ್ತಿರ ಭತ್ತ ಬೆಳೆಯುತ್ತಿದ್ದ ಎಲಿಯಾಸ್ ಬಾಲ್ ಅವಳನ್ನು ಕೊಂಡುಕೊಂಡ. ಅವಳ ಜೊತೆ ಇನ್ನೂ ಕೆಲವು ಮಕ್ಕಳನ್ನು. ಪ್ರಿಸಿಲ್ಲಾ ಅವನೇ ಇಟ್ಟ ಹೆಸರು. ವಯಸ್ಸು ಹತ್ತಿರಬಹುದು ಎಂದು ಅಂದಾಜು ಮಾಡಿ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ. ಬಾಲ್ ಮನೆತನದವರು ಕಾಗದ ಬಿಸಾಡಿದವರಲ್ಲ. ಆ ಪಟ್ಟಿಗಳನ್ನು ಹಿಡಿದು ಸಂಶೋಧಕರು ಅವಳ ಮಕ್ಕಳು, ಮೊಮ್ಮಕ್ಕಳು ಎಂದು ಕೆಳಗಿಳಿಯುತ್ತಾ ಬಂದರು. ಹಡಗಿನ ಮಾಲೀಕರ ಕಾಗದಗಳೂ ಉಳಿದಿದ್ದವು. 2005ರಲ್ಲಿ ಅವಳ ಏಳನೇ ತಲೆಮಾರಿನ ಹೆಣ್ಣುಮಗಳೊಬ್ಬರು ಸಿಯೆರಾ ಲಿಯೋನ್‌ಗೆ ಹೋಗಿ ಬಂದರು. ಇಷ್ಟು ಪೂರ್ತಿ ಸಿಗುವುದು ಅಪರೂಪ, ಅಷ್ಟು ಆಸೆ ಇಟ್ಟುಕೊಳ್ಳಬೇಡಿ.

ಇಲ್ಲಿ ನಿಮಗೂ ಒಂದು ಕೆಲಸವಿದೆ. ಈ ಪುಸ್ತಕಗಳೆಲ್ಲ ಕೂಡು ಅಕ್ಷರದ ಇಂಗ್ಲಿಷಿನಲ್ಲಿವೆ. ಈಗಿನ ಮಕ್ಕಳಿಗೆ ಅದು ಓದಲು ಬರುವುದೇ ಕಡಿಮೆ. ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ತಿದ್ದಿದ ನಮ್ಮ ವಯಸ್ಸಿನವರಿಗೆ ಬರುತ್ತದೆ, ಅಲ್ವಾ? ನೀವು ಓದಿ ಹೇಳಿ, ಅವಳು ಬರೆದುಕೊಳ್ಳಲಿ. ಅದಕ್ಕೂ ಮೊದಲು ಬೀಗಿತ್ತಿಯ ಜೊತೆ ಕೂತು ಮಾತಾಡಿ. ಹಳೇ ಚರ್ಚು ಯಾವುದು, ಹಿರಿಯರನ್ನು ಮಣ್ಣು ಮಾಡಿದ ಜಾಗ ಯಾವುದು, ಹತ್ತಿರ ಯಾವ ಹೊಳೆ. ತೋಟದ ಜಾಡು ಹಿಡಿಯಲು ಇಂಥ ಮಾತೇ ಸಹಾಯಕ್ಕೆ ಬರುವುದು.

ಮಗುವಿಗೆ ತೋರಿಸಿ. ಬೆಲೆ ಬರೆದ ಪಟ್ಟಿಯನ್ನು ಮಾತ್ರ ಮೊದಲಿಗೇ ಬೇಡ, ಮೊದಲು ಕಂಬಳಿ ಪಟ್ಟಿ ತೋರಿಸಿ. ಬೆಲೆಯ ಪಟ್ಟಿ ತೆಗೆಯುವ ದಿನ ಅವಳ ಅಪ್ಪ ಪಕ್ಕದಲ್ಲಿರಲಿ, ಮಾತು ಅವರೇ ಶುರು ಮಾಡಲಿ. ಅದು ಅವರ ಮನೆಯ ವಿಷಯ. ನಾವು ಅಜ್ಜಿಯರು ಎಲ್ಲದಕ್ಕೂ ಮುಂದೆ ಬೀಳುತ್ತೇವೆ, ಅದಕ್ಕೇ ಹೇಳಿದೆ.

ಮುಂದಿನ ಪತ್ರದಲ್ಲಿ ಯಾವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಎಂದು ಬರೆಯಿರಿ. ಚಾರ್ಲ್ಸ್‌ಟನ್ ಆದರೆ ಕೆಲಸ ಹಗುರ. ಜಾರ್ಜ್‌ಟೌನ್ ಆದರೆ ಅಲ್ಲಿನ ಹಳೇ ಕೋರ್ಟು ಪುಸ್ತಕಗಳು ಅಂತರ್ಯುದ್ಧದಲ್ಲಿ ಹೋಗಿಬಿಟ್ಟಿವೆ. ಆಗ ಮಾಲೀಕರ ಮನೆಯ ಕಾಗದಗಳನ್ನೇ ನಂಬಬೇಕು.