ಮೈಸೂರಿನ ಮನೆ ಮಾರಿ ಪೋರ್ಚುಗಲ್‌ಗೆ ಹೋಗಬೇಕೇ?

ಪ್ರಶ್ನೆ: ನನಗೆ 60 ವರ್ಷ, ಅನುದಾನಿತ ಕಾಲೇಜಿನಿಂದ ನಿವೃತ್ತಳಾದ ಉಪನ್ಯಾಸಕಿ. ಯಜಮಾನರಿಗೆ 64, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದರು. ಏಳು ವರ್ಗಾವಣೆಗಳಲ್ಲಿ ಅವರು ಊರೂರು ಸುತ್ತಿದರು, ನಾನು ಕೆಲಸ ಬಿಡಲಾಗದೆ ಮೈಸೂರಿನಲ್ಲೇ ಉಳಿದೆ. ಒಬ್ಬಳೇ ಮಗಳು ನೆದರ್ಲೆಂಡ್ಸ್‌ನಲ್ಲಿದ್ದಾಳೆ. ಕಳೆದ ಮೇ ತಿಂಗಳಲ್ಲಿ ಅವಳು ನಮ್ಮನ್ನು ಪೋರ್ಚುಗಲ್‌ನ ದಕ್ಷಿಣ ತೀರದ ತವಿರಾ ಎಂಬ ಊರಿಗೆ ಕರೆದೊಯ್ದಿದ್ದಳು. ಅಲ್ಲೇ ನೆಲೆಸೋಣ, ಮಗಳಿಗೂ ಹತ್ತಿರವಾಗುತ್ತದೆ ಎಂದು ಅಂದಿನಿಂದ ಇವರ ಹಟ. ಮನೆ ಇಬ್ಬರ ಹೆಸರಿನಲ್ಲಿದೆ. ಅದನ್ನು ಮಾರಲು ನನ್ನನ್ನು ಕೇಳದೆ ಬ್ರೋಕರ್‌ಗೆ ಪತ್ರಗಳ ಜೆರಾಕ್ಸ್ ಕೊಟ್ಟಿದ್ದಾರೆ. ನನ್ನ ತಾಯಿಗೆ 85. ಹಾಸನದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಹದಿನೈದು ದಿನಕ್ಕೊಮ್ಮೆ ಹೋಗಿ, ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ ಬರುತ್ತೇನೆ. ಮನೆಯಲ್ಲಿ ಆರು ಮಕ್ಕಳು ವೀಣೆ ಕಲಿಯುತ್ತಿದ್ದಾರೆ. ಯಜಮಾನರಿಗೆ ಸಕ್ಕರೆ ಕಾಯಿಲೆಯಿದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಅವರ ಪಿಂಚಣಿ 52,000, ನನ್ನದು 48,000, ಮಹಡಿಯ ಬಾಡಿಗೆ 18,000 ರೂಪಾಯಿ. ಬೇಡ ಎನ್ನಲು ಬಾಯಿ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಏಳು ವರ್ಗಾವಣೆಗಳ ಮಾತು. ನಿಮ್ಮ ಯಜಮಾನರು ದುಡಿಮೆಯ ವರ್ಷಗಳಲ್ಲಿ ಬಹುಪಾಲನ್ನು ಬಾಡಿಗೆ ಕೋಣೆಗಳಲ್ಲಿ, ಮೆಸ್ಸಿನ ಊಟದಲ್ಲಿ ಕಳೆದು, ರಜೆಗೆ ಮಾತ್ರ ಮೈಸೂರಿನ ಮನೆಗೆ ಬಂದಿರಬೇಕು. ನಿಮಗೆ ಆ ಬೀದಿ, ಆ ಮಕ್ಕಳು, ಹಾಸನದ ಬಸ್ಸು ಎಲ್ಲವೂ ಕೈಗೆಟುಕುವ ಬದುಕು; ಅವರಿಗೆ ಅದು ನೀವು ಅವರಿಲ್ಲದೆ ಕಟ್ಟಿಕೊಂಡ ಬದುಕು. ಇಬ್ಬರೂ ಸಮಾನವಾಗಿ ಹೊಸಬರಾಗುವ ಒಂದು ಊರು ಅವರಿಗೆ ಬೇಕಾಗಿದೆ ಎಂದು ನನಗೆ ತೋರುತ್ತದೆ. ಹಾಗಿದ್ದರೆ ಆ ಆಸೆ ಗೌರವಕ್ಕೆ ಅರ್ಹವಾದದ್ದು. ಆದರೆ ನಿಮ್ಮನ್ನು ಕೇಳದೆ ಮನೆಯ ಪತ್ರಗಳನ್ನು ಬ್ರೋಕರ್ ಕೈಗೆ ಕೊಟ್ಟದ್ದು ತಪ್ಪು, ಅದನ್ನು ತಪ್ಪೆಂದೇ ಅವರಿಗೆ ಹೇಳಬೇಕು.

ಈಗ ಲೆಕ್ಕಕ್ಕೆ ಬರೋಣ. ಪೋರ್ಚುಗಲ್‌ನಲ್ಲಿ ನಿವೃತ್ತರು ನೆಲೆಸಲು ಸಾಮಾನ್ಯವಾಗಿ ಬಳಸುವುದು ಡಿ7 ವೀಸಾ. ದುಡಿಯದೆ ಬರುವ ನಿಯತ ಆದಾಯವನ್ನು, ಅಂದರೆ ಪಿಂಚಣಿ, ಬಾಡಿಗೆ, ಬಡ್ಡಿ ಇಂಥವುಗಳನ್ನು, ಅದು ಕೇಳುತ್ತದೆ. ಅರ್ಜಿದಾರರಿಗೆ ಆ ದೇಶದ ಕನಿಷ್ಠ ವೇತನದಷ್ಟು, ಸಂಗಾತಿಗೆ ಅದರ ಅರ್ಧದಷ್ಟು ಆದಾಯ ಇರಬೇಕು. 2025ರಲ್ಲಿ ಕನಿಷ್ಠ ವೇತನ ತಿಂಗಳಿಗೆ 870 ಯೂರೊ ಇತ್ತು. ಇಬ್ಬರಿಗೆ 1,305 ಯೂರೊ, ಯೂರೊಗೆ ಸುಮಾರು ನೂರು ರೂಪಾಯಿಯಂತೆ ಹಿಡಿದರೆ 1,30,000 ರೂಪಾಯಿ. ನಿಮ್ಮಿಬ್ಬರ ಪಿಂಚಣಿಯೂ ಬಾಡಿಗೆಯೂ ಸೇರಿ 1,18,000. ಈ ಕೊರತೆ ತುಂಬಲೆಂದೇ ಮನೆ ಮಾರಿ ಹಣವನ್ನು ಠೇವಣಿಯಿಡಲು ಅವರು ಯೋಚಿಸಿರಬಹುದು. ಆದರೆ ನೆಲ ಅಂತಸ್ತನ್ನೂ ಕರಾರು ಮಾಡಿ ಬಾಡಿಗೆಗೆ ಕೊಟ್ಟರೆ ಕೊರತೆ ಅಲ್ಲಿಗೇ ತುಂಬುತ್ತದೆ, ಮನೆಯೂ ಉಳಿಯುತ್ತದೆ. ಅವರೊಬ್ಬರ ಪಿಂಚಣಿಯಿಂದ ಒಬ್ಬರ ವೀಸಾಕ್ಕೂ ಸಾಲದು ಎಂಬುದನ್ನು ಗಮನಿಸಿ: ಈ ಯೋಜನೆ ನಿಂತಿರುವುದೇ ನಿಮ್ಮ ಪಿಂಚಣಿಯ ಆಸರೆಯಲ್ಲಿ.

ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಅಮ್ಮನ ಬಳಿ ಎಂಬ ಸಮಾಧಾನದ ದಾರಿ ನಿಮ್ಮ ಮನಸ್ಸಿನಲ್ಲಿ ಸುಳಿದಿರಬಹುದು. ಮೊದಲು ಸಿಗುವ ವಾಸದ ಪರವಾನಗಿ ಎರಡು ವರ್ಷದ್ದು. ಆ ಅವಧಿಯಲ್ಲಿ ಸತತವಾಗಿ ಆರು ತಿಂಗಳು ಅಥವಾ ಬಿಡಿಬಿಡಿಯಾಗಿ ಒಟ್ಟು ಎಂಟು ತಿಂಗಳಿಗಿಂತ ಹೆಚ್ಚು ಕಾಲ ದೇಶದಿಂದ ಹೊರಗಿದ್ದರೆ ಪರವಾನಗಿಯೇ ಹೋಗಬಹುದು. 85ರ ತಾಯಿಯಿರುವವರಿಗೆ ಇದು ಸಣ್ಣ ಷರತ್ತಲ್ಲ. ತೆರಿಗೆಯ ವಿಷಯವೂ ಇದೆ. ವಿದೇಶಿ ಪಿಂಚಣಿಗೆ ಹತ್ತು ವರ್ಷ ಕೇವಲ ಶೇ 10ರಷ್ಟು ತೆರಿಗೆ ಎಂದು ಹಳೆಯ ವಿಡಿಯೊಗಳಲ್ಲಿ ಇಂದಿಗೂ ಹೇಳುತ್ತಾರೆ. ಆ ರಿಯಾಯಿತಿ 2024ರಿಂದ ಹೊಸಬರಿಗೆ ಇಲ್ಲ. ಎರಡೂ ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದ್ದರೂ, ನಿಮ್ಮ ಯಾವ ಆದಾಯಕ್ಕೆ ಎಲ್ಲಿ ತೆರಿಗೆ ಬೀಳುತ್ತದೆ ಎಂಬುದನ್ನು ಅದನ್ನು ಬಲ್ಲ ಲೆಕ್ಕಪರಿಶೋಧಕರಲ್ಲಿ ಮೊದಲೇ ಬರೆಸಿಕೊಳ್ಳಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಚಿಂತೆಯಾಗುವುದು ಅವರ ಹೃದಯದ್ದು. ಕಾನೂನುಬದ್ಧವಾಗಿ ನೆಲೆಸಿದವರಿಗೆ ಅಲ್ಲಿ ಸರ್ಕಾರಿ ಆರೋಗ್ಯ ಸೇವೆ ಸಿಗುತ್ತದೆ, ನಿಜ. ಆದರೆ ಸುಮಾರು ಒಂದು ಕೋಟಿ ಜನಸಂಖ್ಯೆಯ ಆ ದೇಶದಲ್ಲಿ 15 ಲಕ್ಷಕ್ಕೂ ಹೆಚ್ಚು ಜನರಿಗೆ ನಿಗದಿತ ಕುಟುಂಬ ವೈದ್ಯರಿಲ್ಲ. ಖಾಸಗಿ ವಿಮೆಯವರು ಈಗಾಗಲೇ ಇರುವ ಕಾಯಿಲೆಯನ್ನು ಹೊರಗಿಡುವುದು ಸಾಮಾನ್ಯ. ತವಿರಾದಲ್ಲಿರುವುದು ಆರೋಗ್ಯ ಕೇಂದ್ರ. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಫಾರೊ ಪಟ್ಟಣಕ್ಕೆ ಹೋಗಬೇಕು. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ, ಭಾಷೆ ಬಾರದ ನೀವು ಫೋನಿನಲ್ಲಿ ಏನೆಂದು ಹೇಳುವಿರಿ? ಈ ಪ್ರಶ್ನೆಯನ್ನು ಅವರೆದುರು ಇಡಿ.

ಅವರು ಆ ಊರನ್ನು ನೋಡಿದ್ದು ಮೇ ತಿಂಗಳಲ್ಲಿ. ಆಗ ಉಪ್ಪಿನ ಮಡಿಗಳು ಬಿಸಿಲಿಗೆ ಹೊಳೆಯುತ್ತವೆ, ಜಿಲಾಂವ್ ಹೊಳೆಯ ಹಳೆಯ ಸೇತುವೆಯ ಮೇಲೆ ಸಂಜೆ ಸುಮ್ಮನೆ ನಿಂತರೆ ಸಾಕೆನಿಸುತ್ತದೆ. ಜನವರಿಯಲ್ಲಿ ಹೊರಗಿನ ಚಳಿ ಹೇಳಿಕೊಳ್ಳುವಷ್ಟಿಲ್ಲ, ಆದರೆ ಅಲ್ಲಿನ ಹಳೆಯ ಮನೆಗಳಲ್ಲಿ ಬಿಸಿಯ ವ್ಯವಸ್ಥೆ ಇರುವುದು ಅಪರೂಪ. ಟೈಲ್ಸ್ ನೆಲ ಕಾಲನ್ನು ಕೊರೆಯುತ್ತದೆ, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಒಗೆದ ಬಟ್ಟೆ ದಿನವಿಡೀ ಹಸಿಯಾಗಿಯೇ ಇರುತ್ತದೆ. ಬೇಸಿಗೆಯ ಪ್ರವಾಸಿಗರೂ ಆಗ ಇರುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಹೋಗುವ ಪ್ರಶ್ನೆಯನ್ನು ಮನೆ ಮಾರುವ ಪ್ರಶ್ನೆಯಿಂದ ಬೇರೆ ಮಾಡಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನಗಳವರೆಗೆ ಇರಬಹುದು. ಬರುವ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ತವಿರಾದಲ್ಲಿ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದು ಇಬ್ಬರೂ ಸಂಸಾರ ಮಾಡಿ ನೋಡಿ. ವಿಮೆ ಮಾಡಿಸಿಕೊಳ್ಳಿ, ಹೃದ್ರೋಗ ತಜ್ಞರ ಒಪ್ಪಿಗೆ ಪಡೆಯಿರಿ, ಔಷಧಿಗಳನ್ನು ಚೀಟಿಯ ಸಮೇತ ಒಯ್ಯಿರಿ. ವೀಣೆಯ ಮಕ್ಕಳಿಗೆ ವಾರಕ್ಕೊಂದು ಪಾಠವನ್ನು ವಿಡಿಯೊ ಕರೆಯಲ್ಲಿ ಮಾಡಬಹುದು. ತಾಯಿಯನ್ನು ಮೂರು ತಿಂಗಳು ಬಿಟ್ಟಿರಲು ನಿಮ್ಮ ಮನಸ್ಸು ಒಪ್ಪದಿದ್ದರೆ ಆರು ವಾರಕ್ಕೆ ಹೋಗಿ, ಉಳಿದ ಆರು ವಾರ ಅವರೊಬ್ಬರೇ ಇರಲಿ ಎನ್ನಬೇಡಿ. ಇಬ್ಬರೂ ಒಟ್ಟಿಗೆ ಹಿಂದಿರುಗಿ. ಒಂಟಿ ಕೋಣೆಯ ಜೀವನ ಅವರಿಗೆ ಈಗಾಗಲೇ ಸಾಕಷ್ಟಾಗಿದೆ.

ತಾಯಿ ಇರುವವರೆಗೆ ನೆಲೆ ಬದಲಿಸಬೇಡಿ ಎಂದೇ ನಾನು ಹೇಳುತ್ತೇನೆ. ಪ್ರತಿ ವರ್ಷ ಕೆಲವು ವಾರ ಅಲ್ಲಿ ಕಳೆಯುವುದಕ್ಕೆ ಡಿ7 ವೀಸಾ ಬೇಕಿಲ್ಲ, ಮನೆ ಮಾರಬೇಕಿಲ್ಲ. ಮಗಳು ವಿಮಾನದಲ್ಲಿ ಮೂರು ಗಂಟೆಯಲ್ಲಿ ಬಂದು ಸೇರಬಹುದು.

ಮನೆ ಜಂಟಿ ಹೆಸರಿನಲ್ಲಿರುವುದರಿಂದ ನಿಮ್ಮ ಸಹಿಯಿಲ್ಲದೆ ಇಡೀ ಮನೆಯ ಮಾರಾಟ ನಡೆಯುವುದಿಲ್ಲ. ಆದರೂ ಮಾತಿಗೆ ಕೂತಾಗ ಸಹಿಯ ವಿಷಯದಿಂದ ಆರಂಭಿಸಬೇಡಿ. ಮುಂದಿನ ಸಲ ಹಾಸನಕ್ಕೆ ಹೊರಟಾಗ ಅವರನ್ನೂ ಜೊತೆಗೆ ಕರೆದೊಯ್ಯಿರಿ. ನೀವು ಅಮ್ಮನ ತಲೆಗೆ ಎಣ್ಣೆ ಹಚ್ಚುವಾಗ ಅವರು ಪಕ್ಕದಲ್ಲಿ ಕುಳಿತಿರಲಿ. ವಾಪಸ್ ಬರುವ ಬಸ್ಸಿನಲ್ಲಿ ಬ್ರೋಕರ್‌ನಿಂದ ಪತ್ರಗಳನ್ನು ಹಿಂದಕ್ಕೆ ಪಡೆಯುವಂತೆ ಕೇಳಿ, ಚಳಿಗಾಲದ ಟಿಕೆಟ್‌ನ ಮಾತನ್ನೂ ನೀವೇ ಎತ್ತಿ.