ಬಿಗಿ ಹಿಡಿತವಿಲ್ಲದ ವೇಗವರ್ಧಕ

ಪ್ರಶ್ನೆ: ಕೆಲವು ಪುಟ್ಟ ಅಣುಗಳು ಹೈಡ್ರೋಜನ್ ಬಂಧದಂತಹ ದುರ್ಬಲ ಆಕರ್ಷಣೆಗಳನ್ನೇ ಬಳಸಿಕೊಂಡು ಕಿಣ್ವಗಳಂತೆ ಕೆಲಸ ಮಾಡುತ್ತವೆ ಎಂದು ಓದಿದೆ. ಕ್ಷಣಾರ್ಧದಲ್ಲಿ ಕಳಚಿಕೊಳ್ಳುವ ಹಿಡಿತವನ್ನು ನೆಚ್ಚಿ, ಒಂದು ಅಣುವಿನ ಎಡಗೈ ಮತ್ತು ಬಲಗೈ ರೂಪಗಳಲ್ಲಿ ಒಂದನ್ನೇ ಹೆಚ್ಚಾಗಿ ಪಡೆಯುವುದು ಹೇಗೆ ಸಾಧ್ಯ?
— ರಸಾಯನಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲಿ ಲೆಕ್ಕಕ್ಕೆ ಬರುವುದು ಹಿಡಿತದ ಬಲವಲ್ಲ, ಆ ಎರಡು ರೂಪಗಳತ್ತ ಸಾಗುವ ದಾರಿಗಳ ನಡುವಿನ ಶಕ್ತಿಯ ಅಂತರ. ಇಂಗಾಲದ ಎರಡು ಪರಮಾಣುಗಳ ನಡುವಿನ ಏಕಬಂಧವನ್ನು ಮುರಿಯಲು ಮೋಲಿಗೆ ಸುಮಾರು 350 ಕಿಲೋಜೂಲ್ ಬೇಕು. ಆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ದಾರಿಗಳ ಶಕ್ತಿತಡೆಗಳು ಬರೀ 5.7 ಕಿಲೋಜೂಲ್‌ನಷ್ಟು ಬೇರೆಯಾದರೂ ಒಂದು ರೂಪ ಇನ್ನೊಂದರ ಹತ್ತು ಪಟ್ಟು ದೊರೆಯುತ್ತದೆ, ಅಂತರ 11.4 ಆದರೆ ಅನುಪಾತ 99:1ರ ಹತ್ತಿರ ಬರುತ್ತದೆ. ಒಂದೆರಡು ಹೈಡ್ರೋಜನ್ ಬಂಧಗಳು ಒದಗಿಸಬಲ್ಲ ಶಕ್ತಿಯೇ ಅದು.

ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಜೇಕಬ್‌ಸನ್ ಮತ್ತು ಮ್ಯಾಥ್ಯೂ ಸಿಗ್ಮನ್ 1998ರಲ್ಲಿ ವರದಿ ಮಾಡಿದ ಥಯೋಯೂರಿಯಾ (ಗಂಧಕ, ಸಾರಜನಕಗಳಿರುವ ಪುಟ್ಟ ಅಣು) ವೇಗವರ್ಧಕಗಳ ಕಥೆ ಸ್ವಾರಸ್ಯಕರವಾದದ್ದು: ಲೋಹದ ಜೊತೆಗೂಡಿ ಕೆಲಸ ಮಾಡಲೆಂದು ರೂಪಿಸಿದ ಅಣುಗಳು ಲೋಹವಿಲ್ಲದೆಯೂ ಆಯ್ಕೆ ತೋರಿದವು, ಅಂದರೆ ಒಂದೇ ರೂಪವನ್ನು ಹೆಚ್ಚಾಗಿ ಕೊಟ್ಟವು. ಥಯೋಯೂರಿಯಾದ ಎರಡು ಸಾರಜನಕಗಳ ಮೇಲಿನ ಹೈಡ್ರೋಜನ್‌ಗಳು ಜೋಡಿ ಬೆರಳುಗಳಂತೆ ಕ್ಲೋರೈಡ್ ಅಯಾನನ್ನೂ ಹಿಡಿಯಬಲ್ಲವು ಎಂಬುದು ಮುಂದೆ ತಿಳಿಯಿತು. ಹಾಗೆ ಹಿಡಿದಾಗ ಆ ಋಣ ಅಯಾನಿಗೆ ಅಂಟಿಕೊಂಡ, ನಿಜವಾಗಿ ವರ್ತಿಸಬೇಕಾದ ಧನ ಅಯಾನು ವೇಗವರ್ಧಕದ ಪಕ್ಕದಲ್ಲೇ ಉಳಿಯುತ್ತದೆ.

ಆದರೆ ಪಕ್ಕದಲ್ಲಿದ್ದರಷ್ಟೇ ಸಾಲದು. ಯಾವ ಭಂಗಿಯಲ್ಲಿದೆ ಎಂಬುದೇ ಮುಖ್ಯ. ಟರ್ಪೀನ್‌ಗಳನ್ನು (ಸಸ್ಯಗಳ ಸುವಾಸನೆಯಲ್ಲಿರುವಂತಹ ಸಂಯುಕ್ತಗಳು) ಕಟ್ಟುವ ಕಿಣ್ವಗಳ ಒಳಗೋಡೆಯಲ್ಲಿ ಟ್ರಿಪ್ಟೋಫಾನ್, ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲಗಳ ಚಪ್ಪಟೆ ಉಂಗುರಗಳಿದ್ದು, ಅವುಗಳ ಎಲೆಕ್ಟ್ರಾನ್ ಮೋಡ ಧನ ಅಯಾನಿಗೆ ಆಸರೆಯಾಗುತ್ತದೆ. ಇದೇ ತಂತ್ರವನ್ನು ಜೇಕಬ್‌ಸನ್ ತಂಡ 2010ರಲ್ಲಿ ಪುಟ್ಟ ಅಣುವಿಗೆ ಅಳವಡಿಸಿ, ಥಯೋಯೂರಿಯಾಕ್ಕೆ ಜೋಡಿಸಿದ ಉಂಗುರವ್ಯೂಹವನ್ನು ಒಂದು ಉಂಗುರದ ಫಿನೈಲ್‌ನಿಂದ ನಾಲ್ಕು ಉಂಗುರಗಳ ಪೈರೀನ್‌ವರೆಗೆ ಹಿಗ್ಗಿಸುತ್ತ ಹೋದಂತೆ ಆಯ್ಕೆಯೂ ಏರಿದ್ದನ್ನು ತೋರಿಸಿತು. ಬೇಡದ ದಾರಿಗೆ ಅಡ್ಡಗೋಡೆ ಕಟ್ಟುವುದು ಹಳೆಯ ವಿಧಾನ. ಬೇಕಾದ ಸಂಕ್ರಮಣ ಸ್ಥಿತಿಗೆ (ದಾರಿಯ ಶಕ್ತಿತಡೆಯ ತುದಿಯಲ್ಲಿನ ಕ್ಷಣಿಕ ರೂಪಕ್ಕೆ) ಹೆಗಲು ಕೊಡುವ ಈ ವಿಧಾನದಲ್ಲಿ ಕ್ರಿಯೆಯ ವೇಗವೂ ಹೆಚ್ಚುವುದರಿಂದ ನನಗೆ ಇದೇ ಹೆಚ್ಚು ಜಾಣತನದ್ದೆನಿಸುತ್ತದೆ.

ನೀವು ಹೇಳಿದ ಕಳಚಿಕೊಳ್ಳುವ ಅಪಾಯ ಸುಳ್ಳಲ್ಲ. ಮೆಥನಾಲ್‌ನಂತಹ ದ್ರಾವಕ ತಾನೇ ಹೈಡ್ರೋಜನ್ ಬಂಧ ಕಟ್ಟಿಕೊಂಡು ವೇಗವರ್ಧಕದ ಬೆರಳುಗಳನ್ನು ಆಕ್ರಮಿಸುತ್ತದೆ. ಆದ್ದರಿಂದಲೇ ಇಂತಹ ಕ್ರಿಯೆಗಳನ್ನು ಸಾಮಾನ್ಯವಾಗಿ ಟಾಲೀನ್ ಅಥವಾ ಈಥರ್‌ಗಳಲ್ಲಿ, ಹಲವು ಬಾರಿ ಸೊನ್ನೆಗಿಂತ ಬಹಳ ಕೆಳಗಿನ ತಾಪದಲ್ಲಿ ನಡೆಸುತ್ತಾರೆ.