ಅಪೀಲನ್ನು ಮೂರೇ ಸಾಲಿನಲ್ಲಿ ವಜಾ ಮಾಡಬಹುದಾ? ಕಾರಣ ಕೊಡಲೇಬೇಕಲ್ವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಹೋಗುವ ದಾರಿಯ ಕೇಸು. ಕೆಳಗಿನ ಕೋರ್ಟಿನಲ್ಲಿ ಸೋತಿರಿ, ಅಪೀಲು ಹಾಕಿದಿರಿ, ಅದು ಮೂರು ಸಾಲಿನಲ್ಲಿ ವಜಾ ಆಯಿತು. "ಇಷ್ಟು ವರ್ಷ ಓಡಾಡಿದ್ದಕ್ಕೆ ಮೂರು ಸಾಲಾ? ವಿವರವಾಗಿ ಕಾರಣ ಬರೀಬೇಕು ಅಂತ ಕಾನೂನು ಇಲ್ವಾ?" ಅಂತ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಸಿವಿಲ್ ಕೇಸು ನಡೆಸುವ ವಕೀಲ. ಮೊದಲನೇ ಅಪೀಲಿನಲ್ಲಿ ಕಾರಣ ಕೊಡಲೇಬೇಕು. ಮೇಲಿನ ಕೋರ್ಟುಗಳಿಗೆ ಹೋದ ಹಾಗೆ ಆ ಹೊಣೆ ಹಗುರ ಆಗುತ್ತಾ ಹೋಗುತ್ತದೆ. ಆದರೆ ಮೊದಲು ಒಂದು ಮಾತು ಹೇಳಿ, ಆ ಮೂರು ಸಾಲನ್ನು ನೀವು ನೋಡಿದ್ದು ಎಲ್ಲಿ?

ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ತೆಗೆದು ನೋಡಿದ್ದರೆ, ಅದು ತೀರ್ಪಿನ ಕೊನೆಯ ಆದೇಶ ಭಾಗ ಮಾತ್ರ ಆಗಿರುವ ಸಾಧ್ಯತೆ ಜಾಸ್ತಿ. ಸಾಮಾನ್ಯವಾಗಿ ಅದು ಹೀಗಿರುತ್ತದೆ: ಮೇಲ್ಮನವಿಯನ್ನು ಖರ್ಚು ಸಹಿತ ವಜಾ ಮಾಡಲಾಗಿದೆ, ಓ.ಎಸ್. (ಮೂಲ ದಾವೆ) ನಂಬರ್ ಇಂತಿಷ್ಟರ ತೀರ್ಪು ಮತ್ತು ಡಿಕ್ರಿಯನ್ನು (ತೀರ್ಪಿನಂತೆ ಹೊರಡುವ ಔಪಚಾರಿಕ ಆಜ್ಞೆ) ಖಾಯಂ ಮಾಡಲಾಗಿದೆ. ಕೆಳಗಿನ ಕೋರ್ಟಿನ ಕಡತವನ್ನು ತೀರ್ಪಿನ ಪ್ರತಿಯ ಜೊತೆ ವಾಪಸ್ ಕಳಿಸುವುದು. ಇದಕ್ಕೆ ಮೊದಲು ಹತ್ತಿಪ್ಪತ್ತು ಪುಟದ ತೀರ್ಪು ಬೇರೆ ಇರುತ್ತದೆ. ಪಕ್ಷಗಾರರು ಗಾಬರಿಯಾಗಿ ಫೋನ್ ಮಾಡುವುದು ಬಹಳ ಸಲ ಈ ಮೂರು ಸಾಲು ನೋಡಿಯೇ.

ಪೂರ್ತಿ ಪ್ರತಿ ಕೈಗೆ ಬಂದ ಮೇಲೂ ಮೂರೇ ಸಾಲಿದ್ದರೆ, ಯಾವ ಬಗೆಯ ವಜಾ ಅಂತ ನೋಡಿ. ವಾದದ ದಿನ ನಿಮ್ಮ ಕಡೆ ಯಾರೂ ಹಾಜರಿಲ್ಲದೆ ವಜಾ ಆಗಿದ್ದರೆ ಆದೇಶ ಚಿಕ್ಕದಾಗಿರುವುದು ಸಹಜ. ಅದರಲ್ಲಿ ದಾರಿ ನಿಮ್ಮದೋ ಅಲ್ಲವೋ ಅನ್ನುವುದನ್ನು ಕೋರ್ಟು ನೋಡಿಯೇ ಇಲ್ಲ, ನೋಡುವಂತೆಯೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ (ಇಲ್ಲಿ ಆದೇಶ ಅಂದರೆ ಸಂಹಿತೆಯ ಒಂದು ಅಧ್ಯಾಯ ಇದ್ದ ಹಾಗೆ) 19ನೇ ನಿಯಮದ ಕೆಳಗೆ, ಬರಲಾಗದ್ದಕ್ಕೆ ಸರಿಯಾದ ಕಾರಣ ತೋರಿಸಿ, ಅಪೀಲನ್ನು ಮತ್ತೆ ತೆಗೆದುಕೊಳ್ಳಿ ಅಂತ ಅರ್ಜಿ ಹಾಕಬಹುದು. ಅದಕ್ಕೆ 30 ದಿನ ಅವಕಾಶ. ಇನ್ನೊಂದು ಬಗೆ, ತಡವಾಗಿ ಹಾಕಿದ ಅಪೀಲು. ತಡವನ್ನು ಮನ್ನಿಸಲಿಲ್ಲ ಅಂದರೆ ಕಾರಣವೆಲ್ಲ ಆ ತಡದ ಬಗ್ಗೆ ಮಾತ್ರ ಇರುತ್ತದೆ. ಈ ಎರಡೂ ಅಲ್ಲದಿದ್ದರೆ ಮಾತ್ರ ನಿಮ್ಮ ಸಿಟ್ಟಿಗೆ ಪೂರಾ ಅರ್ಥವಿದೆ.

ಕೇಸಿನ ಒಳಹೊಕ್ಕು ವಜಾ ಮಾಡುವಾಗ ಏನೇನು ಬರೆಯಬೇಕು ಅನ್ನುವುದನ್ನು ಅದೇ 41ನೇ ಆದೇಶದ 31ನೇ ನಿಯಮ ಹೇಳುತ್ತದೆ. ತೀರ್ಮಾನಿಸಬೇಕಾದ ಅಂಶಗಳು ಯಾವುವು, ಒಂದೊಂದರ ಮೇಲೆ ತೀರ್ಮಾನ ಏನು, ಅದಕ್ಕೆ ಕಾರಣ ಏನು, ಡಿಕ್ರಿ ಬದಲಿಸಿದರೆ ಏನು ಪರಿಹಾರ. ಎದುರಾಳಿಗೆ ನೋಟಿಸ್ ಕೂಡ ಕಳಿಸದೆ ಆರಂಭದಲ್ಲೇ ವಜಾ ಮಾಡುವ ಅಧಿಕಾರ 11ನೇ ನಿಯಮದಲ್ಲಿದೆ. ಅಲ್ಲೂ ಹೈಕೋರ್ಟ್ ಬಿಟ್ಟು ಉಳಿದ ಕೋರ್ಟುಗಳು ಚುಟುಕಾಗಿಯಾದರೂ ಕಾರಣ ಬರೆದು ತೀರ್ಪು ಕೊಡಬೇಕು.

ಎಷ್ಟು ವಿವರ ಬೇಕು ಅನ್ನುವಲ್ಲಿ ಜಗ್ಗಾಟ ಇದೆ. 1960ರ ದಶಕದ ಗಿರಿಜಾನಂದಿನಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಳಗಿನ ಕೋರ್ಟಿನ ತೀರ್ಮಾನ ಒಪ್ಪುವಾಗ ಸಾಕ್ಷ್ಯವನ್ನೆಲ್ಲ ಮತ್ತೆ ಬಿಡಿಸಿ ಹೇಳಬೇಕಿಲ್ಲ, ಒಪ್ಪಿದ್ದೇವೆ ಅಂದರೆ ಸಾಮಾನ್ಯವಾಗಿ ಸಾಕು ಅಂದಿತು. ನ್ಯಾಯವೇ. ಅದೇ ಮಾತನ್ನು ಎರಡು ಸಲ ಬರೆಸಿ ಏನು ಉಪಯೋಗ? ಆದರೆ ಕೆಲವರಿಗೆ ಅದು ಅಡ್ಡದಾರಿ ಆಯಿತು. 2001ರಲ್ಲಿ ಸಂತೋಷ್ ಹಜಾರಿ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಲಗಾಮು ಹಾಕಿತು. ಸುಮ್ನೆ ಒಪ್ಪಿದ್ದೇವೆ ಅನ್ನುವುದು ಕೆಲಸ ತಪ್ಪಿಸಿಕೊಳ್ಳುವ ನೆಪ ಆಗಬಾರದು, ಮೊದಲನೇ ಅಪೀಲು ಬೆಲೆಯುಳ್ಳ ಹಕ್ಕು, ಎತ್ತಿದ ಅಂಶಗಳ ಮೇಲೆ ಕೋರ್ಟು ಮನಸ್ಸಿಟ್ಟು ಯೋಚಿಸಿದ್ದು ತೀರ್ಪಿನಲ್ಲಿ ಕಾಣಬೇಕು ಅಂತ. ಕೆಳಗಿನ ತೀರ್ಪನ್ನು ತಿರುಗಿಸುವುದಾದರೆ ಹೊಣೆ ಇನ್ನೂ ಜಾಸ್ತಿ. ಕೆಳಗಿನ ಕೋರ್ಟು ಕೊಟ್ಟ ಕಾರಣಗಳನ್ನು ಎದುರಿಗೆ ಇಟ್ಟುಕೊಂಡು ಯಾಕೆ ತಪ್ಪು ಅಂತ ಹೇಳಬೇಕಾಗುತ್ತದೆ.

ಹಾಗಂತ 31ನೇ ನಿಯಮದ ಅಕ್ಷರ ಹಿಡಿದು ಹಟ ಮಾಡುವುದೂ ನಡೆಯಲ್ಲ. ಅಂಶಗಳನ್ನು ನಂಬರ್ ಹಾಕಿ ಬರೆದಿಲ್ಲ, ಆದರೆ ಚರ್ಚೆಯಲ್ಲಿ ಎಲ್ಲವೂ ಬಂದಿದೆ ಅಂದರೆ ತೀರ್ಪು ಉಳಿಯುತ್ತದೆ. ಇದನ್ನೂ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ತೀರ್ಪು ಓದುವ ರೀತಿ. ಇದು ಯಾರೂ ಹೇಳಿಕೊಡಲ್ಲ, ಅದಕ್ಕೇ ಸ್ವಲ್ಪ ಉದ್ದ ಮಾಡುತ್ತೇನೆ. ನಮ್ಮ ಕಡೆ ಅಪೀಲು ತೀರ್ಪುಗಳ ಅಚ್ಚು ಹೆಚ್ಚುಕಡಿಮೆ ಒಂದೇ. ಮೊದಲು ವಾದಿ ಏನಂದ, ಪ್ರತಿವಾದಿ ಏನಂದ. ಆಮೇಲೆ ಕೆಳಗಿನ ಕೋರ್ಟಿನ ವಿವಾದಾಂಶಗಳು. ಸಾಕ್ಷಿಗಳ ಪಟ್ಟಿ. ಅಪೀಲಿನ ಆಧಾರಗಳು. ಆಮೇಲೆ ಪರಿಗಣಿಸಬೇಕಾದ ಅಂಶಗಳು: ಕೆಳಗಿನ ತೀರ್ಪಿನಲ್ಲಿ ಕೈ ಹಾಕುವ ಅಗತ್ಯ ಇದೆಯೇ? ಏನು ಆದೇಶ? ಉತ್ತರ ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಕೆಳಕಂಡಂತೆ. ನೀವು ನೇರವಾಗಿ ಇಲ್ಲಿಗೆ ಬನ್ನಿ. ಇದರ ಕೆಳಗೆ ಶುರುವಾಗಿ ಆದೇಶದ ಮೂರು ಸಾಲಿನವರೆಗೆ ಇರುವುದೇ ಕಾರಣ. ಉಳಿದದ್ದೆಲ್ಲ ಕಥೆ. ಇಪ್ಪತ್ತು ಪುಟದ ತೀರ್ಪಿನಲ್ಲಿ ಈ ಭಾಗ ಮುಕ್ಕಾಲು ಪುಟ ಇರುವುದನ್ನೂ ನೋಡಿದ್ದೇನೆ. ನಾಲ್ಕು ಪುಟದ ತೀರ್ಪಿನಲ್ಲಿ ಮೂರು ಪುಟ ಇದೇ ಇರುವುದನ್ನೂ ನೋಡಿದ್ದೇನೆ. ನನ್ನ ಮಟ್ಟಿಗೆ ಎರಡನೆಯದೇ ಒಳ್ಳೆಯ ತೀರ್ಪು.

ನಿಮ್ಮದು ದಾರಿ ಕೇಸು. ಇಪ್ಪತ್ತು ವರ್ಷದಿಂದ ಅಡೆತಡೆ ಇಲ್ಲದೆ ಓಡಾಡಿದ ರೂಢಿಯ ದಾರಿ ಅನ್ನುವುದು ಒಂದು ವಾದ. ತೋಟಕ್ಕೆ ಬೇರೆ ದಾರಿಯೇ ಇಲ್ಲ ಅನ್ನುವುದು ಇನ್ನೊಂದು. 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಎರಡಕ್ಕೂ ಬೇರೆ ಬೇರೆ ಕಲಮು ಇದೆ. ನೀವು ಎರಡನ್ನೂ ಎತ್ತಿದ್ದು, ತೀರ್ಪು ಒಂದಕ್ಕೆ ಮಾತ್ರ ಉತ್ತರ ಕೊಟ್ಟಿದ್ದರೆ ಅದು ಕೊರತೆ. ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ ತೋರಿಸಿದೆ, ಕೋರ್ಟ್ ಕಮಿಷನರು ಸ್ಥಳ ನೋಡಿ ವರದಿ ಕೊಟ್ಟಿದ್ದಾರೆ, ಅದನ್ನು ಕೆಳಗಿನ ಕೋರ್ಟು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತ ನೀವು ಅಪೀಲಿನಲ್ಲಿ ಬರೆದಿದ್ದು, ಆ ವರದಿಯ ಸುದ್ದಿಯೇ ತೀರ್ಪಿನಲ್ಲಿ ಇಲ್ಲದಿದ್ದರೆ ಅದು ದೊಡ್ಡ ಕೊರತೆ. ಅಪೀಲಿನ ಹಂತದಲ್ಲಿ ಹೊಸ ದಾಖಲೆ ಹಾಜರುಪಡಿಸಲು ಅದೇ 41ನೇ ಆದೇಶದ 27ನೇ ನಿಯಮದ ಕೆಳಗೆ ಐ.ಎ. (ಮಧ್ಯಂತರ ಅರ್ಜಿ) ಹಾಕಿದ್ದಿರಾ? ಅದರ ಮೇಲೆ ಆದೇಶವೇ ಇಲ್ಲದೆ ಅಪೀಲು ಮುಗಿಸಿದ್ದರೆ ಎರಡನೇ ಅಪೀಲಿಗೆ ಅದಕ್ಕಿಂತ ಗಟ್ಟಿ ಅಂಶ ಕಡಿಮೆ.

ಈಗ ನಮ್ಮ ವಕೀಲರ ಕಡೆಗೂ ಒಂದು ಮಾತು. ಎಷ್ಟೋ ಅಪೀಲು ಮೆಮೋಗಳಲ್ಲಿ (ಅಪೀಲಿನ ಅರ್ಜಿಗಳಲ್ಲಿ) ಮೊದಲ ಆಧಾರವೇ "ತೀರ್ಪು ಕಾನೂನಿಗೂ ವಾಸ್ತವಾಂಶಕ್ಕೂ ವಿರುದ್ಧವಾಗಿದೆ" ಅಂತ. ಎರಡನೆಯದು "ಸಾಕ್ಷ್ಯವನ್ನು ಸರಿಯಾಗಿ ಪರಿಶೀಲಿಸಿಲ್ಲ." ಯಾವ ಸಾಕ್ಷ್ಯ, ಯಾವ ನಿಶಾನೆ (ಕೋರ್ಟು ಗುರುತು ಹಾಕಿದ ದಾಖಲೆ), ಪಾಟೀಸವಾಲಿನ ಯಾವ ಮಾತು, ಒಂದೂ ಇಲ್ಲ. ಇಂಥ ಮೆಮೋ ಕೊಟ್ಟು ವಿವರವಾದ ಉತ್ತರ ಕೇಳಿದರೆ ಜಡ್ಜು ಯಾವುದಕ್ಕೆ ಉತ್ತರ ಬರೆಯಬೇಕು? ನೀವು ಹಾಕಿದ ಮೆಮೋದ ಪ್ರತಿ ತರಿಸಿ ಪಕ್ಕದಲ್ಲಿ ಇಟ್ಟುಕೊಂಡು ತೀರ್ಪು ಓದಿ. ಎತ್ತಿದ ಯಾವ ಅಂಶಕ್ಕೆ ಉತ್ತರ ಇಲ್ಲ ಅಂತ ಗುರುತು ಹಾಕಿ. ಎರಡನೇ ಅಪೀಲಿನ ವಕೀಲರು ಮೊದಲು ಕೇಳುವುದು ಅದನ್ನೇ.

ಎರಡನೇ ಅಪೀಲು ಅಂದರೆ ಹೈಕೋರ್ಟಿನ ಆರ್.ಎಸ್.ಎ. (ರೆಗ್ಯುಲರ್ ಸೆಕೆಂಡ್ ಅಪೀಲ್). ಅಲ್ಲಿ ಸಾಕ್ಷ್ಯದ ಚರ್ಚೆ ಮತ್ತೆ ನಡೆಯಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನ ಪ್ರಕಾರ ಮಹತ್ವದ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಒಳಗೆ ಪ್ರವೇಶ. ಅಪೀಲು ಕೋರ್ಟು 31ನೇ ನಿಯಮ ಪಾಲಿಸಿಲ್ಲ, ಮುಖ್ಯ ದಾಖಲೆಯನ್ನು ನೋಡಿಲ್ಲ ಅನ್ನುವುದನ್ನು ಅಂಥ ಪ್ರಶ್ನೆಯಾಗಿ ಎತ್ತಬಹುದು. ಹೈಕೋರ್ಟ್ ಕೂಡ ಕಾನೂನು ಪ್ರಶ್ನೆ ಇಲ್ಲ ಅಂತ ಆರಂಭದಲ್ಲೇ ವಜಾ ಮಾಡುವಾಗ ಯಾಕೆ ಇಲ್ಲ ಅಂತ ಹೇಳಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇಲ್ಲಿ ಎರಡು ಮೂರು ಪ್ಯಾರಾ ಬಂದರೂ ಸಾಕಾಗುತ್ತದೆ.

ಸುಪ್ರೀಂ ಕೋರ್ಟಿನದು ಬೇರೆಯೇ ಲೆಕ್ಕ. ಸಂವಿಧಾನದ 136ನೇ ವಿಧಿಯ ಕೆಳಗೆ ನಾವು ಕೇಳುವುದು ಅಪೀಲು ಹಾಕಲು ಅನುಮತಿ. ಅದನ್ನು ಒಂದೇ ಸಾಲಿನಲ್ಲಿ ನಿರಾಕರಿಸಬಹುದು, ದಿನಾ ನಿರಾಕರಿಸುತ್ತಾರೆ. ಕಾರಣ ಇಲ್ಲದ ಅಂಥ ವಜಾ ಅಂದರೆ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ ಸರಿ ಅಂದಿತು ಅಂತ ಅರ್ಥ ಅಲ್ಲ. 2000ದ ಕುಂಞಹಮ್ಮದ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ನಮ್ಮ ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಗೂ ಖೋಡೆ ಡಿಸ್ಟಿಲರೀಸ್‌ಗೂ ನಡೆದ ಕೇಸಿನಲ್ಲಿ 2019ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿದರು. "ಸುಪ್ರೀಂ ಕೋರ್ಟೇ ನಮ್ಮ ಪರ ಆಗಿದೆ" ಅಂತ ಎದುರಾಳಿ ಊರಲ್ಲಿ ಹೇಳಿಕೊಂಡು ಓಡಾಡಿದರೆ ತಲೆ ಕೆಡಿಸಿಕೊಳ್ಳಬೇಡಿ.

ಕ್ರಿಮಿನಲ್ ಅಪೀಲಿನಲ್ಲೂ, ಚೆಕ್ ಬೌನ್ಸ್ ಶಿಕ್ಷೆಯ ಅಪೀಲು ಸೇರಿ, ಸೆಷನ್ಸ್ ಕೋರ್ಟು ಆರಂಭದಲ್ಲೇ ವಜಾ ಮಾಡುವುದಾದರೆ ಕಾರಣ ದಾಖಲಿಸಬೇಕು. ಮೊದಲು ಸಿ.ಆರ್.ಪಿ.ಸಿ.ಯಲ್ಲಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಇತ್ತು, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ.

ಕಾರಣ ಇಲ್ಲ ಅಂತ ಹೈಕೋರ್ಟಿನಲ್ಲಿ ಗೆದ್ದರೆ ದಾರಿ ಸಿಕ್ಕಿಬಿಡುತ್ತದೆ ಅಂದುಕೊಳ್ಳಬೇಡಿ. ಬಹಳ ಸಲ ಆಗುವುದು ಅಪೀಲನ್ನು ಅದೇ ಕೋರ್ಟಿಗೆ ವಾಪಸ್ ಕಳಿಸಿ, ಹೊಸದಾಗಿ ಕೇಳಿ ಕಾರಣ ಸಹಿತ ಬರೆಯಿರಿ ಅನ್ನುವುದು. ಆಗ ಮತ್ತೆ ವಾಯಿದೆ, ಮತ್ತೆ ವಾದ, ಮತ್ತೆ ಫೀಸು. ಹದಿನೈದು ಪುಟದ ಕಾರಣ ಬರೆದು ಮತ್ತೆ ವಜಾ ಮಾಡಿದರೂ ಮಾಡಬಹುದು. ಸಾಕ್ಷ್ಯ ಗಟ್ಟಿ ಇದ್ದರೆ ಹೋಗಿ. ತೀರ್ಪು ಚಿಕ್ಕದಾಯಿತು ಅನ್ನುವ ಸಿಟ್ಟು ಒಂದೇ ಇದ್ದರೆ ಹೋಗಬೇಡಿ ಅನ್ನುತ್ತೇನೆ. ಎದುರಿನವರ ಜೊತೆ ಕೂತು ಬದುವಿನ ಪಕ್ಕ ಒಂದು ಬಂಡಿ ಹೋಗುವಷ್ಟು ಜಾಗಕ್ಕೆ ರಾಜಿ ಆಗುವುದಾದರೆ ಅದನ್ನೂ ನೋಡಿ.

ಹೋಗುವುದಾದರೆ ಅವಧಿ ಡಿಕ್ರಿಯ ತಾರೀಖಿನಿಂದ 90 ದಿನ. ತೀರ್ಪು, ಡಿಕ್ರಿ ಎರಡರ ಸರ್ಟಿಫೈಡ್ ಕಾಪಿಗೂ ಇವತ್ತೇ ಅರ್ಜಿ ಹಾಕಿ. ಕಾಪಿ ತಯಾರಾಗಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಕಳೆಯುತ್ತಾರೆ, ಅರ್ಜಿ ಹಾಕದೆ ಸುಮ್ನೆ ಕೂತ ದಿನಗಳನ್ನು ಕಳೆಯಲ್ಲ. ಪಕ್ಕದ ಹಾವೇರಿಯವರು ಧಾರವಾಡ ಪೀಠಕ್ಕೆ ಹೋಗುತ್ತಾರೆ ಅಂತ ನೀವೂ ಆ ಕಡೆ ವಕೀಲರನ್ನು ಹುಡುಕಬೇಡಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಅಪೀಲು ಬೆಂಗಳೂರಿಗೇ.